ಮಿರಜಿಗೆ ಕರಕೊಂಡು ಹೋದವರು

ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳನ್ನು ಸುತ್ತಿದ್ದು ಬರಗಾಲದ ಗುಳೆಯ ಬಗ್ಗೆ ಬರೆದುಕೊಳ್ಳಲು. ಆದರೆ ಹಿರಿಯರು ಕಾಯಿಲೆಯ ಮಾತೆತ್ತಿದರೆ ಅದರ ಬೆನ್ನಿಗೇ ಮಿರಜ ಬರುತ್ತಿತ್ತು.

ಬರಲೇಬೇಕಿತ್ತು. 1956ರವರೆಗೆ ಈ ಸೀಮೆ ಮುಂಬೈ ಸರ್ಕಾರದ ಕೆಳಗಿತ್ತು. ಬೆಂಗಳೂರು ದೂರದ ಊರು. ಸೊಲ್ಲಾಪುರ, ಮಿರಜ ಬಳಕೆಯವು. ಪಟವರ್ಧನರ ಸಂಸ್ಥಾನವಾಗಿದ್ದ ಮಿರಜದಲ್ಲಿ ಕೆನಡಾದಲ್ಲಿ ಹುಟ್ಟಿದ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿಶನ್ ಆಸ್ಪತ್ರೆ ತೆರೆದರು. ತಮ್ಮ ಕೆಲಸದ ಕಥೆಯನ್ನು ತಾವೇ ಪುಸ್ತಕವಾಗಿ ಬರೆದರು, ಬ್ರಿಟಿಷರಿಂದ 'ಸರ್' ಪದವಿಯನ್ನೂ ಪಡೆದರು. ಆದರೆ ನಮ್ಮ ಕಡೆಯ ರೋಗಿಯನ್ನು ಆ ಬಾಗಿಲಿಗೆ ಮುಟ್ಟಿಸಿದವರ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಹಳ್ಳಿಯಲ್ಲಿ ಅವರಿಗೆ 'ಗೊತ್ತಿದ್ದವರು' ಎನ್ನುತ್ತಿದ್ದರು. ಒಮ್ಮೆ ತಾವೇ ರೋಗಿಯಾಗಿ ಹೋಗಿ ಬಂದವರು, ನಾಲ್ಕು ಮಾತು ಮರಾಠಿ ಬಲ್ಲವರು. ಕೇಸ್ ಪೇಪರ್ ಎಲ್ಲಿ ಮಾಡಿಸಬೇಕು, ಯಾವ ಮಾವಶಿಯನ್ನು ಕೇಳಿದರೆ ಡಾಕ್ಟರ ಕೋಣೆ ತೋರಿಸುತ್ತಾಳೆ, ರಾತ್ರಿ ಬುತ್ತಿ ಬಿಚ್ಚಿ ಎಲ್ಲಿ ಮಲಗಬಹುದು, ಎಲ್ಲ ಅವರ ತಲೆಯಲ್ಲಿ. ಕೊಡುತ್ತಿದ್ದುದು ಬಸ್ ಚಾರ್ಜು, ಊಟ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಇಂದಿಗೂ ರೈಲಿಲ್ಲ. ಆಗಿನ ಪ್ರಯಾಣ ಎಂಥದಿತ್ತೆಂದು ಊಹಿಸಬಹುದು.

ನಮ್ಮ ಮುತ್ಯಾನೂ ಅಂಥವನು. ಅವನು ತೀರಿಕೊಂಡ ಮೇಲೆ ಆಯಿಯ ಎದೆಯಲ್ಲಿ ಗಂಟು ಕಂಡಿತು. ಒಂದು ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎಂ.ಎ. ಮುಗಿಸಿದವನು, ಫಲಕಗಳನ್ನು ಓದಬಲ್ಲೆನೆಂಬ ಧೈರ್ಯ. ಎರಡು ಸಲ ತಪ್ಪು ಕಿಟಕಿಯ ಸಾಲಿನಲ್ಲಿ ನಿಂತು, ನಮ್ಮ ಪಾಳಿ ಬರುವಷ್ಟರಲ್ಲಿ ಹೊತ್ತು ಮೀರಿ, ವಾಪಸಾದೆವು. "ನಿಮ್ಮ ಮುತ್ಯಾ ಇದ್ದಿದ್ರ ಕೇಳತಿದ್ದಾ. ನೀ ಬರೇ ಓದತಿ" ಅಂದಳು ಆಯಿ. ಮೂರನೆಯ ಸಲ ನೆಲ ಒರೆಸುತ್ತಿದ್ದ ಹೆಣ್ಣುಮಗಳೊಬ್ಬಳು ಬಕೆಟ್ ಬದಿಗಿಟ್ಟು, ಆಯಿಯ ಕೈಹಿಡಿದು ಸರಿಯಾದ ಕೋಣೆಗೆ ನಡೆಸಿದಳು. ಅಷ್ಟರಲ್ಲಿ ಏಳು ವಾರ ಕಳೆದಿದ್ದವು.

ಸರ್ಕಾರ ಈ ಕೆಲಸಕ್ಕೊಂದು ಹೆಸರು ಕೊಟ್ಟಿದ್ದು ತೀರ ತಡವಾಗಿ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಉತ್ತರ ಕರ್ನಾಟಕದಲ್ಲಿ ಮೊದಲು ಶುರುವಾದಾಗ, ಬಡ ರೋಗಿಗೆ ದಾರಿ ತೋರಿಸಲು 'ಆರೋಗ್ಯಮಿತ್ರ'ರು ಬಂದರು. ಯೋಜನೆ ಇದ್ದ ಮತ್ತು ಇನ್ನೂ ಬಾರದಿದ್ದ ಗಡಿಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಮನೆಗಳಲ್ಲಾದ ಸಾವು ಒಂದು ಕಡೆ ಶೇ. 0.32, ಇನ್ನೊಂದು ಕಡೆ ಶೇ. 0.90. ಇಷ್ಟು ಅಂತರಕ್ಕೆ ದುಡ್ಡೊಂದೇ ಕಾರಣವೆಂದು, ಆ ಏಳು ವಾರಗಳನ್ನು ಕಂಡ ನನಗೆ ಅನ್ನಿಸುವುದಿಲ್ಲ.

ಆಯಿ ಈಗ ಚಿಕಿತ್ಸೆ ಮುಗಿಸಿ ಊರಲ್ಲಿದ್ದಾಳೆ. ಕಳೆದ ತಿಂಗಳು ಪಕ್ಕದ ಮನೆಯವರು ಬಂದು ಕರೆದರು, ನನ್ನನ್ನಲ್ಲ, ಅವಳನ್ನು. ಬೆಳಗಿನ ಮೊದಲ ಬಸ್ಸಿಗೆ ರೊಟ್ಟಿ ಕಟ್ಟಿಕೊಂಡು ಹೋದಳು.