ಹೋಟೆಲ್ ಕೆಲಸಗಾರರ ಆರೋಗ್ಯ: ಕೆಲಸದ ಜಾಗದಲ್ಲೇ ಕಾಪಾಡಿಕೊಳ್ಳುವುದು ಹೇಗೆ?

ಮುಂಬೈನ ಫೋರ್ಟ್, ದಾದರ್, ಮಾಟುಂಗದಿಂದ ಹಿಡಿದು ಅಂಧೇರಿ, ಬೊರಿವಲಿ, ಮುಲುಂಡ್‌ವರೆಗೆ ಉಡುಪಿ ಹೋಟೆಲ್ ಇಲ್ಲದ ಬಡಾವಣೆ ಅಪರೂಪ. ಮಾಟುಂಗದಲ್ಲಿ 1942ರಲ್ಲಿ ಶುರುವಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಹಳೆಯ ಊಟದ ಮನೆಗಳಿಂದ ಇಂದಿನ ಹೋಟೆಲುಗಳವರೆಗೆ, ಕರಾವಳಿಯ ಸಾವಿರಾರು ಮನೆಗಳು ಈ ಕೆಲಸದ ಸಂಬಳದಿಂದ ನಡೆದಿವೆ. ಈಗ ಇದೇ ಅಡುಗೆಮನೆಗಳಲ್ಲಿ ಬೇರೆ ರಾಜ್ಯಗಳ ಯುವಕರೂ ದುಡಿಯುತ್ತಿದ್ದಾರೆ.

ಕಾಲುನೋವು, ಸುಟ್ಟಗಾಯ, ಕೈತುರಿಕೆ, ಬಿಡದ ಕೆಮ್ಮು ಬಂದರೆ "ಹೋಟೆಲ್ ಕೆಲಸ ಅಂದಮೇಲೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾಗುವವರು ಬಹಳ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು, ಬೇಗ ಗುರುತಿಸಿದರೆ ಪೂರ್ತಿ ವಾಸಿ ಮಾಡಬಹುದು. ನೀವು ಹೋಟೆಲ್ ಕೆಲಸಗಾರರಾಗಿದ್ದರೆ, ಅಥವಾ ನಿಮ್ಮ ಮನೆಯವರೊಬ್ಬರು ಮುಂಬೈನ ಹೋಟೆಲಿನಲ್ಲಿ ದುಡಿಯುತ್ತಿದ್ದರೆ, ಈ ಮಾಹಿತಿ ನಿಮಗಾಗಿ.

ಈ ಕೆಲಸದಿಂದ ಬರುವ ಸಾಮಾನ್ಯ ತೊಂದರೆಗಳು

ಕಾಲು ಮತ್ತು ಸೊಂಟ: ಸಪ್ಲಾಯರ್‌ಗಳು, ಅಡುಗೆಯವರು, ಗಲ್ಲಾದಲ್ಲಿ ಇರುವವರು ದಿನವಿಡೀ ನಿಂತೇ ಇರುತ್ತಾರೆ. ಇದರಿಂದ ಕಾಲಿನ ರಕ್ತನಾಳಗಳು ಉಬ್ಬಿ ಗಂಟುಗಂಟಾಗಬಹುದು. ಸಂಜೆಯ ಹೊತ್ತಿಗೆ ಪಾದ ಊದುವುದು, ಕಾಲು ಭಾರವಾಗುವುದು, ಕಣಕಾಲಿನ ಬಳಿ ಚರ್ಮ ಕಪ್ಪಾಗುವುದು ಇದರ ಲಕ್ಷಣಗಳು. ಬಿಡುವಿನಲ್ಲಿ 15 ನಿಮಿಷ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟು ಮಲಗಿ. ನಿಂತಿರುವಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಕಾಲಿನಲ್ಲಿ ಒಣಗದ ಹುಣ್ಣು ಕಂಡರೆ ವೈದ್ಯರ ಬಳಿ ಹೋಗಿ.

ಸೆಕೆ: ದೋಸೆ ಕಾವಲಿಯ ಮುಂದೆ ನಿಂತವರಿಗೆ ಬಾಯಾರಿಕೆ ಆಗುವ ಮೊದಲೇ ದೇಹದ ನೀರು ಕಡಿಮೆಯಾಗಿರುತ್ತದೆ. ಮುಂಬೈನ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ. ಸ್ವಲ್ಪ ಸ್ವಲ್ಪ ನೀರನ್ನು ಆಗಾಗ ಕುಡಿಯಿರಿ. ಚಹಾ ನೀರಿನ ಬದಲಿಯಲ್ಲ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ.

ಸುಟ್ಟಗಾಯ: ಗಾಯವನ್ನು ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಎಣ್ಣೆ, ಐಸ್ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಮುಖ, ಕೈ ಅಥವಾ ಕೀಲಿನ ಮೇಲೆ ಸುಟ್ಟಿದ್ದರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಿ.

ಕೈ ಮತ್ತು ಚರ್ಮ: ಪಾತ್ರೆ ತೊಳೆಯುವವರ ಕೈ ಸದಾ ಒದ್ದೆ. ಬೆರಳ ಸಂದಿನಲ್ಲಿ, ತೊಡೆಸಂದಿನಲ್ಲಿ ಶಿಲೀಂಧ್ರದ ಸೋಂಕು, ಗಜಕರ್ಣ ಬರುವುದು ಸಾಮಾನ್ಯ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ನಿಂತು, ಆಮೇಲೆ ಸೋಂಕು ಇನ್ನಷ್ಟು ಹರಡುತ್ತದೆ. ವೈದ್ಯರು ಹೇಳಿದ ಔಷಧವನ್ನು ಅವರು ಹೇಳಿದಷ್ಟು ದಿನ ಬಳಸಿ.

ಬಿ.ಪಿ. ಮತ್ತು ಸಕ್ಕರೆ: ಗಿರಾಕಿಗಳ ಊಟ ಮುಗಿದ ಮೇಲೆ ಹೊತ್ತು ಮೀರಿ ಉಣ್ಣುವುದು, ಕರಿದ ತಿಂಡಿ, ಸಕ್ಕರೆ ಹಾಕಿದ ಚಹಾ, ಕಡಿಮೆ ನಿದ್ರೆ, ಬೀಡಿ, ತಂಬಾಕು ಇವೆಲ್ಲ ಸೇರಿ ಅಪಾಯ ಹೆಚ್ಚಿಸುತ್ತವೆ. 30 ವರ್ಷ ದಾಟಿದವರು ವರ್ಷಕ್ಕೊಮ್ಮೆಯಾದರೂ ಎರಡನ್ನೂ ಪರೀಕ್ಷಿಸಿಕೊಳ್ಳಿ. ಮುಂಬೈ ಮಹಾನಗರಪಾಲಿಕೆಯ 'ಆಪ್ಲಾ ದವಾಖಾನಾ'ಗಳಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ. ಇವು ಸಂಜೆಯ ಹೊತ್ತೂ ತೆರೆದಿರುವುದರಿಂದ ಕೆಲಸ ಬಿಡಬೇಕಾಗಿಲ್ಲ.

ವರ್ಷಕ್ಕೊಮ್ಮೆಯ ತಪಾಸಣೆ: ಕಾಗದಕ್ಕಲ್ಲ, ನಿಮಗಾಗಿ

ಆಹಾರ ಸುರಕ್ಷತೆಯ ಪರವಾನಗಿ ಮತ್ತು ನೋಂದಣಿ ನಿಯಮಗಳು 2011ರಿಂದ ಜಾರಿಯಲ್ಲಿವೆ. ಅವುಗಳ ನಾಲ್ಕನೇ ಅನುಸೂಚಿಯ ಪ್ರಕಾರ, ಆಹಾರ ಮುಟ್ಟುವ ಪ್ರತಿ ಕೆಲಸಗಾರನನ್ನೂ ವರ್ಷಕ್ಕೊಮ್ಮೆ ನೋಂದಾಯಿತ ವೈದ್ಯರು ಪರೀಕ್ಷಿಸಬೇಕು. ಟೈಫಾಯ್ಡ್‌ನಂಥ ಕರುಳಿನ ಜ್ವರಗಳ ವಿರುದ್ಧ ಲಸಿಕೆಯನ್ನೂ ಹಾಕಿಸಬೇಕು.

ಈ ನಿಯಮದ ಮೊದಲ ಉದ್ದೇಶ ಗಿರಾಕಿಯ ರಕ್ಷಣೆ. ಹಾಗಾಗಿ ಕೆಲವೆಡೆ ಇದು ಒಂದು ಸಹಿಯಲ್ಲಿ ಮುಗಿದುಹೋಗುತ್ತದೆ. ನೀವು ಹಾಗೆ ಬಿಡಬೇಡಿ. ಹೇಗೂ ವೈದ್ಯರ ಮುಂದೆ ನಿಂತಿದ್ದೀರಿ. ನಿಮ್ಮ ಬಿ.ಪಿ., ಸಕ್ಕರೆ, ತೂಕ, ಕಣ್ಣು, ಕಾಲು, ಚರ್ಮವನ್ನೂ ನೋಡಲು ಕೇಳಿ. ಕೆಮ್ಮು ಇದ್ದರೆ ಮುಚ್ಚಿಡದೆ ಹೇಳಿ. ವರದಿಯ ಒಂದು ಪ್ರತಿ ನಿಮ್ಮ ಬಳಿ ಇರಲಿ. ಮುಂದಿನ ವರ್ಷ ಹೋಲಿಸಿ ನೋಡಬಹುದು, ಹೋಟೆಲು ಬದಲಿಸಿದರೂ ಉಪಯೋಗಕ್ಕೆ ಬರುತ್ತದೆ.

ಎರಡು ವಾರ ಮೀರಿದ ಕೆಮ್ಮು

ಹತ್ತು ಹನ್ನೆರಡು ಜನ ಒಂದೇ ಕೋಣೆಯಲ್ಲಿ ಅಥವಾ ಗಾಳಿಯಿಲ್ಲದ ಅಟ್ಟದ ಮೇಲೆ ಮಲಗುವಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ.

"ಗೊತ್ತಾದರೆ ಊರಿಗೆ ಕಳಿಸಿಬಿಡುತ್ತಾರೆ" ಎಂಬ ಹೆದರಿಕೆಯಿಂದ ಅನೇಕರು ಕೆಮ್ಮನ್ನು ಅಡಗಿಸುತ್ತಾರೆ. ಅಡಗಿಸಿದರೆ ಶ್ವಾಸಕೋಶ ಹಾಳಾಗುತ್ತದೆ, ಪಕ್ಕದಲ್ಲಿ ಮಲಗಿದವನಿಗೂ ಬರುತ್ತದೆ. ಸಾಮಾನ್ಯ ಕ್ಷಯದಲ್ಲಿ ಸರಿಯಾದ ಔಷಧ ಶುರುವಾದ ಕೆಲವು ವಾರಗಳಲ್ಲಿ ಹರಡುವಿಕೆ ಬಹಳ ಇಳಿಯುತ್ತದೆ. ಕೆಲಸಕ್ಕೆ ಯಾವಾಗ ಮರಳಬಹುದು ಎಂದು ವೈದ್ಯರೇ ಹೇಳುತ್ತಾರೆ. ಆದರೆ ಔಷಧವನ್ನು ಪೂರ್ತಿ ಅವಧಿ, ಸಾಮಾನ್ಯವಾಗಿ 6 ತಿಂಗಳು, ತೆಗೆದುಕೊಳ್ಳಲೇಬೇಕು. ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿದರೆ ಊರಿಗೆ ಹೋದರೂ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಮುಂದುವರಿಸಬಹುದು. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ ₹1,000 ಆಗಿದೆ. ಸಹಾಯವಾಣಿ: 1800-11-6666.

ಮಳೆಗಾಲದ ಜ್ವರ

ಮುಂಬೈನಲ್ಲಿ ನಿಂತ ಮಳೆನೀರಿನಲ್ಲಿ ನಡೆದವರಿಗೆ ಇಲಿಜ್ವರ ಬರಬಹುದು. ಕಾಲಿನಲ್ಲಿ ಗಾಯ, ಬಿರುಕು ಇದ್ದರೆ ಅಪಾಯ ಹೆಚ್ಚು. ನೀರಿನಲ್ಲಿ ನಡೆದು ಬಂದ ಕೂಡಲೇ ಕಾಲನ್ನು ಸಾಬೂನಿನಿಂದ ತೊಳೆದು ಒರೆಸಿಕೊಳ್ಳಿ. 72 ಗಂಟೆಗಳೊಳಗೆ ಪಾಲಿಕೆಯ ದವಾಖಾನೆಯಲ್ಲಿ ಮುಂಜಾಗ್ರತೆಯ ಮಾತ್ರೆ ಬೇಕೇ ಎಂದು ಕೇಳಿ. ಜ್ವರ, ಮೈಕೈ ನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಬರೀ ಜ್ವರದ ಮಾತ್ರೆ ನುಂಗಿ ಕಾಯಬೇಡಿ.

ಇ.ಎಸ್.ಐ.: ನಿಮ್ಮ ಸಂಬಳದಿಂದಲೇ ಕಟ್ಟಿದ ಹಕ್ಕು

ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿನಲ್ಲಿ, ತಿಂಗಳಿಗೆ ₹21,000ದವರೆಗೆ ಸಂಬಳ ಪಡೆಯುವವರು ಇ.ಎಸ್.ಐ. ವಿಮೆಗೆ ಒಳಪಡುತ್ತಾರೆ. ನಿಮ್ಮ ಸಂಬಳದಿಂದ 0.75%, ಮಾಲೀಕರಿಂದ 3.25% ಕಟ್ಟಲಾಗುತ್ತದೆ. ಇದರಿಂದ ಸಿಗುವುದು:

• ನಿಮಗೂ ಮನೆಯವರಿಗೂ ಚಿಕಿತ್ಸೆ.
• ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ 70%. ಇದಕ್ಕೆ ನಿಗದಿತ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು.
• ಕ್ಷಯ ಸೇರಿದಂತೆ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ವಿಮೆಯಲ್ಲಿ ಇದ್ದವರಿಗೆ, ಹೆಚ್ಚಿನ ಅವಧಿಗೆ 80%.
• ಕೆಲಸದಲ್ಲಿ ಗಾಯವಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ 90%. ಇದು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅನ್ವಯ.

ಈ ಹಣಕ್ಕೆ ಇ.ಎಸ್.ಐ. ವೈದ್ಯರ ಪ್ರಮಾಣಪತ್ರ ಬೇಕು. ಆದ್ದರಿಂದ ಕಾಯಿಲೆ ಬಿದ್ದ ಮೊದಲ ದಿನವೇ ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗಿ, ವಾಸಿಯಾದ ಮೇಲೆ ಕೇಳಿದರೆ ಕಷ್ಟ. ಮುಂಬೈನಲ್ಲಿ ಪರೇಲ್, ವರ್ಲಿ, ಅಂಧೇರಿ, ಕಾಂದಿವಲಿ, ಮುಲುಂಡ್‌ಗಳಲ್ಲಿ ಇ.ಎಸ್.ಐ. ಆಸ್ಪತ್ರೆಗಳಿವೆ. ನಿಮ್ಮ ವಿಮಾ ಸಂಖ್ಯೆ ಗೊತ್ತಿಲ್ಲದಿದ್ದರೆ ಇವತ್ತೇ ಹೋಟೆಲಿನ ಲೆಕ್ಕ ನೋಡುವವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಸಹಾಯವಾಣಿ: 1800-11-2526.

ಮಾಲೀಕರು ಮಾಡಬಹುದಾದದ್ದು

ಇವುಗಳಿಗೆ ದೊಡ್ಡ ಖರ್ಚಿಲ್ಲ: ಒಲೆಯ ಬಳಿ ಕುಡಿಯುವ ನೀರು, ಹೊಗೆ ಹೊರಹಾಕುವ ಫ್ಯಾನ್, ಜಾರದ ನೆಲಹಾಸು, ಪಾತ್ರೆ ತೊಳೆಯುವವರಿಗೆ ಕೈಗವಸು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಲಗುವ ಕೋಣೆಗೆ ಕಿಟಕಿ. ಕೆಲವು ಗಂಟೆ ಒಂದೇ ಸಮನೆ ದುಡಿದವರಿಗೆ ಅರ್ಧ ಗಂಟೆ ವಿರಾಮ, ವಾರಕ್ಕೊಂದು ಪೂರ್ತಿ ರಜೆ ಕೊಡಬೇಕೆಂದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಕಾಯಿಲೆ ಹೇಳಿಕೊಂಡವನ ಕೆಲಸ ಹೋಗುವುದಿಲ್ಲ ಎಂಬ ಭರವಸೆ ಇವೆಲ್ಲಕ್ಕಿಂತ ಮುಖ್ಯ. ಆ ಭರವಸೆ ಇಲ್ಲದ ಕಡೆ ಯಾರೂ ಕೆಮ್ಮಿನ ಸುದ್ದಿ ಹೇಳುವುದಿಲ್ಲ.

ಊರಿನಲ್ಲಿರುವ ಮನೆಯವರಿಗೆ

ಫೋನಿನಲ್ಲಿ "ಆರಾಮ" ಎಂಬ ಒಂದೇ ಉತ್ತರ ಬರುತ್ತಿದ್ದರೆ ಬಿಡಿಸಿ ಕೇಳಿ: ಊಟ ಎಷ್ಟು ಹೊತ್ತಿಗೆ? ನಿದ್ದೆ ಎಷ್ಟು? ಕೆಮ್ಮು ಇದೆಯೇ? ಹಬ್ಬಕ್ಕೆ ಬಂದಾಗ ತೂಕ ಇಳಿದಿದೆಯೇ ಎಂದು ನೋಡಿ. ಇ.ಎಸ್.ಐ. ದಾಖಲೆಯಲ್ಲಿ ನಿಮ್ಮ ಹೆಸರು ಸೇರಿಸಿ, ನೀವು ಊರಿನಲ್ಲಿದ್ದೀರಿ ಎಂದು ನಮೂದಿಸಿದರೆ ಅಲ್ಲಿನ ಇ.ಎಸ್.ಐ. ಚಿಕಿತ್ಸಾಲಯವನ್ನು ಬಳಸಬಹುದು, ಮಂಗಳೂರಿನಲ್ಲಿ ಇ.ಎಸ್.ಐ. ಆಸ್ಪತ್ರೆಯೇ ಇದೆ. ಕಾಯಿಲೆಯವರನ್ನು ಊರಿಗೆ ಕರೆಸುವುದಾದರೆ, ಹೊರಡುವ ಮೊದಲು ಮುಂಬೈನ ವೈದ್ಯರಿಂದ ಔಷಧದ ಚೀಟಿ, ವರದಿಗಳನ್ನು ತರಲು ಹೇಳಿ. ಮಂಕು, ನಿದ್ರೆ ಬಾರದಿರುವುದು, ಕುಡಿತ ಹೆಚ್ಚಾಗುವುದು ಕಂಡರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ತಡ ಮಾಡಬಾರದ ಲಕ್ಷಣಗಳು

• ಒಲೆಯ ಬಳಿ ಕೆಲಸ ಮಾಡುತ್ತ ಗೊಂದಲದ ಮಾತು, ತಲೆ ಸುತ್ತಿ ಬೀಳುವುದು, ಮೈ ಬೆಂಕಿಯಂತೆ ಸುಡುವುದು.
• ಎದೆನೋವು, ಉಸಿರು ಕಟ್ಟುವುದು.
• ಕಫದಲ್ಲಿ ರಕ್ತ.
• ಜ್ವರದ ಜೊತೆ ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು.
• ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುವುದು.

ಇವುಗಳಲ್ಲಿ ಯಾವುದು ಕಂಡರೂ ಕೆಲಸದ ಪಾಳಿ ಮುಗಿಯಲಿ ಎಂದು ಕಾಯಬೇಡಿ. ಆಂಬ್ಯುಲೆನ್ಸ್‌ಗೆ 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.