ಪದ ಪರಿಚಯ: ಗೊತ್ತು

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗೆ ಹೊಸದಾಗಿ ಬಂದವರು ಬೇಗ ಕಲಿಯುವ ಮಾತುಗಳಲ್ಲಿ ಒಂದು ‘ಕನ್ನಡ ಗೊತ್ತಿಲ್ಲ’. ಇದರಲ್ಲಿರುವ ‘ಗೊತ್ತು’ ತಿಳಿವಳಿಕೆಯನ್ನಷ್ಟೇ ಹೇಳುವ ಪದವಲ್ಲ. ಮದುವೆ ಗೊತ್ತಾಗುತ್ತದೆ, ದಿನ ಗೊತ್ತುಮಾಡುತ್ತಾರೆ, ಅಲೆಮಾರಿ ಗೊತ್ತುಗುರಿಯಿಲ್ಲದೆ ತಿರುಗುತ್ತಾನೆ. ನೆಲೆ, ನಿಶ್ಚಯ ಎಂಬ ಅರ್ಥಗಳು ಇಲ್ಲೆಲ್ಲ ಜೀವಂತವಾಗಿವೆ.

ವ್ಯಾಕರಣವೂ ಸ್ವಾರಸ್ಯಕರ. ‘ನಾನು ಬಲ್ಲೆ’, ‘ಅವರು ಬಲ್ಲರು’ ಎಂದು ಕ್ರಿಯಾಪದ ಬದಲಾಗುತ್ತದೆ. ‘ಗೊತ್ತು’ ಮಾತ್ರ ನನಗೆ, ನಿನಗೆ, ಅವರಿಗೆ ಎಲ್ಲರಿಗೂ ಒಂದೇ ರೂಪ. ಅರಿವು ಇಲ್ಲಿ ನಾವು ಮಾಡುವ ಕೆಲಸವಲ್ಲ, ನಮಗೆ ಒದಗಿರುವ ಸ್ಥಿತಿ.

ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರ ‘ದ ಕಾನ್ಸೆಪ್ಟ್ ಆಫ್ ಮೈಂಡ್’ ಕೃತಿಯಲ್ಲಿ, ಸಂಗತಿಯೊಂದನ್ನು ತಿಳಿದಿರುವುದು ಬೇರೆ, ಮಾಡುವ ಬಗೆ ತಿಳಿದಿರುವುದು ಬೇರೆ ಎಂದು ವಾದಿಸಿದರು. ಆಡುಗನ್ನಡದಲ್ಲಿ ಎರಡನೆಯದಕ್ಕೆ ಸೊಗಸಾದ ಇನ್ನೊಂದು ಮಾತಿದೆ: ‘ಬರುತ್ತೆ’. ಪೀಣ್ಯದ ಕಾರ್ಮಿಕರಿಗೆ ಕಾರ್ಖಾನೆಯ ವಿಳಾಸ ‘ಗೊತ್ತು’. ಲೇತ್ ಕೆಲಸ ‘ಬರುತ್ತೆ’.

ಭಾಷೆಗೆ ಎರಡೂ ಸಲ್ಲುತ್ತವೆ: ‘ಕನ್ನಡ ಗೊತ್ತಾ?’, ‘ಕನ್ನಡ ಬರುತ್ತಾ?’

ಹೊಸಬರಿಗೆ ಕನ್ನಡ ಕಲಿಸುವವರು ‘ಗೊತ್ತಿಲ್ಲ’ದ ಜೊತೆಗೆ ‘ಸ್ವಲ್ಪ ಸ್ವಲ್ಪ ಬರುತ್ತೆ’ ಎಂಬುದನ್ನೂ ಮೊದಲ ದಿನವೇ ಹೇಳಿಕೊಡಲಿ.