ಕಡಿಮೆ ಓಡುವ ಕಾರಿನಲ್ಲಿ ಎಂಜಿನ್ ಆಯಿಲ್ ಬದಲಾವಣೆ

ಅಪರೂಪಕ್ಕೆ ಓಡಿಸುವ ಕಾರಿನಲ್ಲಿ ಎಂಜಿನ್ ಆಯಿಲ್ ಬದಲಾಯಿಸುವ ಸಮಯವನ್ನು ತಿಂಗಳ ಲೆಕ್ಕದಲ್ಲೇ ನಿಶ್ಚಯಿಸಬೇಕಾಗುತ್ತದೆ. ಭಾರತದಲ್ಲಿ ಮಾರಾಟವಾಗುವ ಬಹುಪಾಲು ಪೆಟ್ರೋಲ್ ಕಾರುಗಳ ಕೈಪಿಡಿ 10,000 ಕಿ.ಮೀ. ಅಥವಾ 12 ತಿಂಗಳು, ಇವೆರಡರಲ್ಲಿ ಯಾವುದು ಮೊದಲೋ ಅದು ಎನ್ನುತ್ತದೆ. ಕೆಲವು ಮಾದರಿಗಳಿಗೆ ದೂರದ ಮಿತಿ 15,000 ಕಿ.ಮೀ. ಇದ್ದರೂ ಕಾಲದ ಮಿತಿ ಸಾಮಾನ್ಯವಾಗಿ ಒಂದು ವರ್ಷವೇ. ಹೀಗಾಗಿ ವರ್ಷವಿಡೀ 2,000 ಕಿ.ಮೀ. ಕೂಡ ಓಡದ ಕಾರಿಗೂ ವರ್ಷಕ್ಕೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಾಗಬೇಕು. ಆ 2,000 ಕಿ.ಮೀ. ಪೂರ್ತಿ ಎರಡು ಮೂರು ಕಿ.ಮೀ.ಗಳ ಚಿಕ್ಕ ಓಟಗಳಲ್ಲೇ ಕೂಡಿದ್ದರೆ ಆರು ತಿಂಗಳಿಗೊಮ್ಮೆ ಬದಲಾಯಿಸುವುದು ಲೇಸು. ಚಿಕ್ಕ ಓಟ, ದೂಳಿನ ರಸ್ತೆ, ನಿಂತು ನಿಂತು ಸಾಗುವ ಟ್ರಾಫಿಕ್ಕು, ಎಂಜಿನ್ ಆಫ್ ಮಾಡದೆ ನಿಲ್ಲಿಸಿಕೊಳ್ಳುವುದು, ಇವನ್ನೆಲ್ಲ ಕೈಪಿಡಿಗಳು ಕಠಿಣ ಬಳಕೆಯ ಪಟ್ಟಿಗೆ ಸೇರಿಸುತ್ತವೆ. ಅಂಥ ಬಳಕೆಗೆ ಅವಧಿಯನ್ನು ಅರ್ಧಕ್ಕೆ ಇಳಿಸುವುದು ವಾಡಿಕೆ. ಕಾರು ಓಡಿಯೇ ಇಲ್ಲ, ಬಳಕೆ ಹಗುರ ಎಂದುಕೊಂಡ ಮಾಲೀಕರು ಈ ಪಟ್ಟಿಯನ್ನು ಓದುವುದೇ ಇಲ್ಲ. ತೊಂದರೆಯ ಮೂಲ ಇಲ್ಲಿದೆ.

ಕೆಡುವ ಬಗೆ

ಎಂಜಿನ್ ಆಯಿಲ್ ಎಂದರೆ ಮೂಲ ತೈಲ ಮತ್ತು ಅದಕ್ಕೆ ಬೆರೆಸಿದ ರಾಸಾಯನಿಕಗಳು. ಸವೆತ ತಡೆಯಲು ಸತು ಮತ್ತು ರಂಜಕದ ಸಂಯುಕ್ತ, ಮಸಿಯನ್ನು ಗಟ್ಟಿಗಟ್ಟಲು ಬಿಡದೆ ತೇಲಿಸಿಡುವ ವಸ್ತು, ಆಮ್ಲಜನಕದ ದಾಳಿಯನ್ನು ನಿಧಾನಗೊಳಿಸುವ ವಸ್ತು, ಜೊತೆಗೆ ಆಮ್ಲವನ್ನು ತಟಸ್ಥಗೊಳಿಸುವ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂನ ಕ್ಷಾರೀಯ ಲವಣ. ಈ ಕ್ಷಾರದ ದಾಸ್ತಾನನ್ನು ಪ್ರಯೋಗಾಲಯದಲ್ಲಿ ಒಟ್ಟು ಕ್ಷಾರ ಸಂಖ್ಯೆ ಎಂದು ಅಳೆಯುತ್ತಾರೆ. ಎಂಜಿನ್ನಿನೊಳಗೆ ಹುಟ್ಟುವ ಪ್ರತಿ ಹನಿ ಆಮ್ಲವೂ ಅದರಿಂದ ಒಂದಿಷ್ಟನ್ನು ಕರಗಿಸುತ್ತದೆ. ದಾಸ್ತಾನು ಮುಗಿದ ಮೇಲೆ ಆಯಿಲ್ ನೋಡಲು ಚೆನ್ನಾಗಿದ್ದರೂ ಲೋಹವನ್ನು ಕಾಯಲಾರದು.

ಆಮ್ಲಕ್ಕೆ ಬೇಕಾದ ನೀರು ಎಲ್ಲಿಂದ ಬರುತ್ತದೆ? ಮಳೆಗಾಲದ ತೇವ ಎಂಜಿನ್ನಿಗೆ ಇಳಿಯುತ್ತದೆ ಎಂದು ಮಲೆನಾಡು, ಕರಾವಳಿಯ ಕಡೆ ಹಲವರು ಹೇಳುವುದುಂಟು. ಗಾಳಿಯ ತೇವದ ಪಾಲು ಇಲ್ಲವೆಂದಲ್ಲ, ಆದರೆ ಅದು ಚಿಕ್ಕದು. ನೀರಿನ ದೊಡ್ಡ ಮೂಲ ಇಂಧನವೇ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರಲ್ಲಿ ಬಹುಭಾಗ ಸೈಲೆನ್ಸರ್ ಮೂಲಕ ಹೊರಬೀಳುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಪೈಪಿನ ತುದಿಯಿಂದ ತೊಟ್ಟಿಕ್ಕುವ ನೀರು ಇದೇ. ಉಳಿದ ಸ್ವಲ್ಪ, ಉರಿಯದ ಪೆಟ್ರೋಲ್ ಮತ್ತು ನೈಟ್ರೋಜನ್ ಆಕ್ಸೈಡುಗಳ ಜೊತೆಗೆ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಚೇಂಬರ್ ಸೇರುತ್ತದೆ. ಎಂಜಿನ್ ತಣ್ಣಗಿದ್ದಾಗ ರಿಂಗು ಮತ್ತು ಸಿಲಿಂಡರ್ ನಡುವಿನ ಸಂದಿ ಹೆಚ್ಚಿರುತ್ತದೆ, ಪೆಟ್ರೋಲನ್ನೂ ಎಂಜಿನ್ ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಹಾಗಾಗಿ ಕೊಳೆ ಸೇರುವ ಪ್ರಮಾಣ ಓಟದ ಮೊದಲ ಕೆಲವು ನಿಮಿಷಗಳಲ್ಲೇ ಅತಿ ಹೆಚ್ಚು.

ದೂರದ ಓಟದಲ್ಲಿ ಈ ತೊಂದರೆ ತಾನಾಗಿ ಸರಿಹೋಗುತ್ತದೆ. ಆಯಿಲ್ 90ರಿಂದ 110 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೆ ಕಾದಾಗ ಅದರಲ್ಲಿ ಸೇರಿದ ನೀರು ಮತ್ತು ಹಗುರ ಪೆಟ್ರೋಲ್ ಆವಿಯಾಗಿ ಏಳುತ್ತವೆ. ಪಿಸಿವಿ ಎಂಬ ವಾಲ್ವಿನ ಮೂಲಕ ಆ ಆವಿ ಮತ್ತೆ ಎಂಜಿನ್ನಿಗೆ ಹೋಗಿ ಉರಿದುಹೋಗುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲೆಂಟ್‌ನ ಬಿಸಿಯನ್ನು. ಮುಳ್ಳು ನಡುವಿಗೆ ಬಂದ ಮೇಲೂ ಚೇಂಬರಿನ ತಳದಲ್ಲಿರುವ ಆಯಿಲ್ ಪೂರ್ತಿ ಕಾಯಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಹಾಲಿನ ಬೂತಿಗೆ ಹೋಗಿ ಬರುವ ಕಾರಿನಲ್ಲಿ ಆಯಿಲ್ ಆ ಬಿಸಿಯನ್ನು ಎಂದೂ ಮುಟ್ಟುವುದಿಲ್ಲ. ಹೆದ್ದಾರಿಯಲ್ಲಿ ಒಂದೇ ಉಸಿರಿಗೆ ಮುಗಿದ 300 ಕಿ.ಮೀ.ಗಿಂತ ಬಡಾವಣೆಯೊಳಗೆ ನೂರು ಸಲ ಸ್ಟಾರ್ಟ್ ಆಗಿ ಕೂಡಿಸಿದ 300 ಕಿ.ಮೀ. ಆಯಿಲನ್ನು ಎಷ್ಟೋ ಪಾಲು ಹೆಚ್ಚು ಹಾಳುಮಾಡುತ್ತದೆ. ಮೀಟರಿನಲ್ಲಿ ಎರಡೂ ಒಂದೇ ಅಂಕಿ.

ಇಂಧನದ ಬದಲಾವಣೆಗಳೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಇಂಧನದಲ್ಲಿ ಗಂಧಕ ದಶಲಕ್ಷಕ್ಕೆ 10 ಭಾಗದ ಮಿತಿಯಲ್ಲಿದೆ. ಹಿಂದಿನ ಬಿಎಸ್4ರಲ್ಲಿ ಅದು 50 ಇತ್ತು. ಗಂಧಕದಿಂದ ಹುಟ್ಟುವ ಆಮ್ಲ ಅಷ್ಟರಮಟ್ಟಿಗೆ ತಗ್ಗಿದೆ. ಎಥನಾಲ್ ಕಥೆ ಬೇರೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಆವಿಯಾಗಲು ಎಥನಾಲ್ ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಡುತ್ತದೆ, ನೀರಿನೊಡನೆ ಸುಲಭವಾಗಿ ಬೆರೆಯುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಇವೆರಡೂ ಆಯಿಲಿಗೆ ಪ್ರತಿಕೂಲ. ಚೆನ್ನಾಗಿ ಕಾದ ಎಂಜಿನ್ನಿನಲ್ಲಾದರೆ 78 ಡಿಗ್ರಿಗೆ ಕುದಿಯುವ ಎಥನಾಲ್ ಬೇಗ ಹೊರಟುಹೋಗುತ್ತದೆ. ಇ20 ಬಂದ ಮೇಲೆ ಚಿಕ್ಕ ಓಟದ ಕಾರಿಗೆ ಆರು ತಿಂಗಳ ಲೆಕ್ಕ ಇನ್ನಷ್ಟು ಸಮಂಜಸ ಎನ್ನಲು ಇದೇ ಕಾರಣ.

ಬಿಎಸ್6 ಡೀಸೆಲ್ ಕಾರುಗಳಿಗೆ ಮತ್ತೊಂದು ಸಂಕಟ. ಅವುಗಳ ಸೈಲೆನ್ಸರ್ ಸಾಲಿನಲ್ಲಿರುವ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಆಗಾಗ ಕಾದು ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಬೇಕು. ಆ ಕಾವು ಹುಟ್ಟಿಸಲು ಹಲವು ಎಂಜಿನ್ನುಗಳು ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಸುಡುವ ಕೆಲಸ ನಡೆಯುತ್ತಿರುವಾಗಲೇ ಮನೆ ಬಂತೆಂದು ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮರುದಿನ ಮತ್ತೆ ಮೊದಲಿನಿಂದ. ಹೀಗೆ ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲನ್ನು ತೆಳುವಾಗಿಸುತ್ತದೆ. ಪೆಟ್ರೋಲಿನಷ್ಟು ಸುಲಭವಾಗಿ ಡೀಸೆಲ್ ಆವಿಯಾಗುವುದಿಲ್ಲವಾದ್ದರಿಂದ ಒಮ್ಮೆ ಸೇರಿದ್ದು ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ. ಊರೊಳಗಷ್ಟೇ ಓಡಿಸುವವರು ಡೀಸೆಲ್ ಕಾರು ಕೊಳ್ಳದಿರುವುದೇ ಮೇಲು.

ಪೋರ್ಟಿಕೋದಲ್ಲಿ ಸ್ಟಾರ್ಟ್ ಮಾಡುವ ರೂಢಿ

ಮಕ್ಕಳು ಹೊರದೇಶದಲ್ಲಿದ್ದು ಹಿರಿಯರಿಬ್ಬರೇ ಉಳಿದಿರುವ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಒಂದು ರೂಢಿ ಬೇರೂರಿದೆ. ಬ್ಯಾಟರಿ ಇಳಿಯಬಾರದು, ಎಂಜಿನ್ ಜಾಮ್ ಆಗಬಾರದು ಎಂದು ವಾರಕ್ಕೆರಡು ಬಾರಿ ಕಾರನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುತ್ತಾರೆ. ಕಾಳಜಿಯಿಂದ ಮಾಡುವ ಈ ಕೆಲಸ ಆಯಿಲಿನ ಆಯುಷ್ಯವನ್ನು ಎಲ್ಲಕ್ಕಿಂತ ವೇಗವಾಗಿ ತಿನ್ನುತ್ತದೆ. ತಣ್ಣನೆಯ ಸ್ಟಾರ್ಟಿನ ಅಷ್ಟೂ ನೀರು, ಅಷ್ಟೂ ಪೆಟ್ರೋಲ್ ಒಳಗಿಳಿಯುತ್ತದೆ. ಅದನ್ನು ಹೊರಗಟ್ಟುವ ಬಿಸಿ ಮಾತ್ರ ಬರುವುದೇ ಇಲ್ಲ. ಆಯಿಲ್ ಸುರಿಯುವ ಬಾಯಿಯ ಮುಚ್ಚಳ ತಿರುಗಿಸಿ ಒಳಬದಿ ನೋಡಿದರೆ ಇಂಥ ಕಾರುಗಳಲ್ಲಿ ಹಲವು ಸಲ ಹಳದಿ ಬೆರೆತ ಬಿಳಿಯ, ಬೆಣ್ಣೆಯಂಥ ಲೇಪ ಕಾಣುತ್ತದೆ. ಅದು ನೀರು ಮತ್ತು ಆಯಿಲ್ ಕಡೆದು ಒಂದಾದದ್ದು. ಬರೀ ಮುಚ್ಚಳದಲ್ಲಿದ್ದರೆ ಹೆದರಬೇಕಿಲ್ಲ. ಒರೆಸಿ, ಒಂದು ದೊಡ್ಡ ಸುತ್ತು ಹೋಗಿಬಂದು ಮತ್ತೆ ನೋಡಬಹುದು. ಡಿಪ್‌ಸ್ಟಿಕ್ಕಿನಲ್ಲೂ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದು ಕೂಲೆಂಟ್ ಕೂಡ ಕಡಿಮೆಯಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯ ಬಲವಾಗುತ್ತದೆ. ಆಗ ಓಡಿಸದೆ ಮೆಕ್ಯಾನಿಕ್ಕನ್ನೇ ಕರೆಸಬೇಕು.

ನಿಂತಲ್ಲೇ ಓಡುವ ಎಂಜಿನ್ನಿನಿಂದ ಬ್ಯಾಟರಿಗೂ ಹೇಳಿಕೊಳ್ಳುವ ಲಾಭವಿಲ್ಲ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ರಿಂಗ್ ರಸ್ತೆಯಲ್ಲೋ ಹೆದ್ದಾರಿಯಲ್ಲೋ ಓಡಿಸಿ ತರುವುದು ಆಯಿಲ್, ಬ್ಯಾಟರಿ, ಬ್ರೇಕು, ಟೈರು ಎಲ್ಲಕ್ಕೂ ಒಳ್ಳೆಯದು. ಅದು ಆಗದ ಮಾತಾದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಕಾರನ್ನು ಸುಮ್ಮನೆ ಬಿಡುವುದೇ ವಾಸಿ.

ತಿಂಗಳುಗಟ್ಟಲೆ ನಿಲ್ಲುವ ಕಾರು

ಮುಟ್ಟದೆ ನಿಲ್ಲಿಸಿದ ಕಾರಿನಲ್ಲಿ ಹೊಸ ಆಯಿಲ್ ನಿಧಾನವಾಗಿಯೇ ಹಳೆಯದಾಗುತ್ತದೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ಹಲವು ತಯಾರಕರು ವಾರಂಟಿ ಮತ್ತು ಉಚಿತ ಸರ್ವಿಸಿನ ಗಡುವನ್ನು ಮುಂದೂಡಿದರು. ಕೆಲವು ವಾರ ನಿಂತ ಮಾತ್ರಕ್ಕೆ ಎಂಜಿನ್ನಿಗೆ ಕೇಡೇನೂ ಇಲ್ಲ. ಕೆಡುಕಿರುವುದು ಹಳೆಯ ಆಯಿಲಿನೊಂದಿಗೆ ನಿಲ್ಲಿಸಿದಾಗ. ಅದರಲ್ಲಿ ಆಗಲೇ ಸೇರಿರುವ ಆಮ್ಲ ಮತ್ತು ನೀರು ಬೇರಿಂಗಿನ ತಾಮ್ರ, ಸೀಸಗಳನ್ನು ತಿಂಗಳಾನುಗಟ್ಟಲೆ ಸದ್ದಿಲ್ಲದೆ ತಿನ್ನುತ್ತಿರುತ್ತವೆ. ಆದ್ದರಿಂದ ಆರು ತಿಂಗಳಿಗೆ ಮಗಳ ಮನೆಗೆ ವಿದೇಶಕ್ಕೆ ಹೊರಡುವವರು ಆಯಿಲನ್ನು ಮರಳಿ ಬಂದ ಮೇಲೆ ಬದಲಾಯಿಸುವ ಬದಲು ಹೊರಡುವ ಮೊದಲೇ ಬದಲಾಯಿಸಿ, ಒಂದು ಒಳ್ಳೆಯ ಓಟ ಓಡಿಸಿ ನಿಲ್ಲಿಸಬೇಕು. ಬಂದ ದಿನ ಮೊದಲ ಸ್ಟಾರ್ಟಿನಲ್ಲಿ ಆಕ್ಸಿಲರೇಟರ್ ಒತ್ತಬಾರದು. ಮೇಲಿನ ಭಾಗಗಳಿಂದ ಇಳಿದುಹೋಗಿರುವ ಆಯಿಲ್ ಮತ್ತೆ ಏರಲು ಕೆಲವು ಸೆಕೆಂಡು ಬೇಕು.

ಪರೀಕ್ಷೆ ಮತ್ತು ಆಯ್ಕೆ

ಡಿಪ್‌ಸ್ಟಿಕ್ ನೋಡುವಾಗ ಕಾರು ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ಆಫ್ ಆಗಿ ಐದು ಹತ್ತು ನಿಮಿಷ ಕಳೆದಿರಬೇಕು. ಕಪ್ಪು ಬಣ್ಣ ಕೆಟ್ಟದ್ದರ ಗುರುತಲ್ಲ, ಮಸಿಯನ್ನು ತೇಲಿಸಿಡುವುದು ಒಳ್ಳೆಯ ಆಯಿಲಿನ ಕೆಲಸವೇ. ಹಾಗೆಯೇ ಹೊಂಬಣ್ಣ ಒಳ್ಳೆಯದ್ದರ ಸಾಕ್ಷಿಯೂ ಅಲ್ಲ. ಮಟ್ಟ ಮಾತ್ರ ನಿಜ ಹೇಳುತ್ತದೆ. ಯಾರೂ ಆಯಿಲ್ ಸುರಿಯದೆ ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ, ಕಡ್ಡಿಗೆ ಪೆಟ್ರೋಲ್ ವಾಸನೆ ಇದ್ದರೆ ಇಂಧನ ಬೆರೆತಿದೆ ಎಂದರ್ಥ. ಆಗ ತಾರೀಖು ನೋಡದೆ ಬದಲಾಯಿಸಬೇಕು.

ಸಿಂಥೆಟಿಕ್ ಆಯಿಲ್ ಬಿಸಿಯನ್ನೂ ಆಮ್ಲಜನಕವನ್ನೂ ಹೆಚ್ಚು ಕಾಲ ತಡೆಯುತ್ತದೆ. ಒಳಗಿಳಿಯುವ ನೀರನ್ನು, ಪೆಟ್ರೋಲನ್ನು ಅದೂ ತಡೆಯಲಾರದು. ದುಬಾರಿ ಆಯಿಲ್ ಹಾಕಿಸಿದೆ, ಎರಡು ವರ್ಷ ನಿಶ್ಚಿಂತೆ ಎಂಬ ಲೆಕ್ಕ ಅಪರೂಪಕ್ಕೆ ಓಡುವ ಕಾರಿಗೆ ಹೊಂದುವುದಿಲ್ಲ. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್‌ನಂಥ ಕಂಪನಿಗಳು 30,000 ಕಿ.ಮೀ. ಅಥವಾ 2 ವರ್ಷದ ಅವಧಿ ಕೊಟ್ಟದ್ದುಂಟು. ಅದು ವಿಶೇಷ ಆಯಿಲನ್ನೂ ಬಳಕೆಯನ್ನು ಅಳೆಯುವ ವ್ಯವಸ್ಥೆಯನ್ನೂ ನಂಬಿದ ಅವಧಿ. ಅಮೆರಿಕದ ಜನರಲ್ ಮೋಟರ್ಸ್ 1980ರ ದಶಕದಲ್ಲೇ ಎಂಜಿನ್ನಿನ ಸುತ್ತು ಮತ್ತು ಬಿಸಿಯನ್ನು ಗಣಿಸಿ ಆಯಿಲಿನ ಉಳಿದ ಆಯುಷ್ಯ ಹೇಳುವ ವ್ಯವಸ್ಥೆ ತಂದಿತು. ಆ ಕಂಪನಿಯ ಕೈಪಿಡಿಯೂ ದೀಪ ಹತ್ತದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ ಎಂದೇ ಹೇಳುತ್ತದೆ.

ಸಣ್ಣ ಕಾರಿಗೆ ಬೇಕಾಗುವುದು 3ರಿಂದ 4 ಲೀಟರ್ ಆಯಿಲ್. ಗ್ರೇಡ್ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ಕಾರನ್ನು ಓಡಿಸಿ ಬಿಸಿ ಮಾಡಿಯೇ ಹಳೆಯದನ್ನು ಇಳಿಸಿದರೆ ತಳದ ಕೊಳೆಯೂ ಜೊತೆಗೆ ಬರುತ್ತದೆ. ಆಯಿಲ್ ಫಿಲ್ಟರಿನೊಳಗಿನ ರಬ್ಬರ್ ವಾಲ್ವ್ ಓಟವಿಲ್ಲದಿದ್ದರೂ ಗಡುಸಾಗುವುದರಿಂದ ಫಿಲ್ಟರನ್ನೂ ಪ್ರತಿಸಲ ಬದಲಾಯಿಸಬೇಕು. ಗ್ಯಾರೇಜಿನವರು ಅಂಟಿಸುವ ಸ್ಟಿಕರಿನಲ್ಲಿ ಮುಂದಿನ ಕಿಲೋಮೀಟರ್ ಒಂದೇ ಬರೆದಿದ್ದರೆ ಪಕ್ಕದಲ್ಲಿ ತಾರೀಖನ್ನೂ ಬರೆಸಿಕೊಳ್ಳಬೇಕು. ಇಳಿಸಿದ ಆಯಿಲ್ 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮನೆಯಲ್ಲೇ ಬದಲಾಯಿಸುವವರು ಅದನ್ನು ಮೋರಿಗೋ ಮಣ್ಣಿಗೋ ಸುರಿಯದೆ ಡಬ್ಬಿಯಲ್ಲಿ ತುಂಬಿ, ಬಳಸಿದ ಆಯಿಲನ್ನು ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಮುಟ್ಟಿಸಬೇಕು.